ಭಕ್ತಿಭಂಡಾರಿ ಬಸವಣ್ಣನವರು

ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ರಾಜಭಂಡಾರವನ್ನು ಕಾಯ್ದ ಬಸವಣ್ಣನವರು ತಮ್ಮ ಜೀವಿತದಲ್ಲಿ ಎರಡು ಘೋರ ಆಪಾದನೆಗಳನ್ನು ಎದುರಿಸಬೇಕಾಯಿತು. ಒಂದು ಧನಕ್ಕೆ ಸಂಬಂಧಿಸಿದುದು. ಇನ್ನೊಂದು ಜಾತಿಗೆ ಸಂಬಂಧಿಸಿದುದು.

ಬಾಗೇವಾಡಿಯ ಮಾದರಸ ಮತ್ತು ಮಾದಲಾಂಬಿಕೆಯರ ಪುತ್ರರಾದ ಅವರು ಜನಿವಾರವನ್ನು ತೊರೆದು ಕೂಡಲಸಂಗಮಕ್ಕೆ ತೆರಳಿದರು. ಅಲ್ಲಿ ಸಂಗಮನಾಥನ ಸನ್ನಿಧಿಯಲ್ಲಿ ಬೆಳೆದು, ಮುಂದೆ ಕಳಚುರಿ ಬಿಜ್ಜಳನ ಆಸ್ಥಾನದಲ್ಲಿ ಕರಣಿಕರಾಗಿ ಸೇರಿದರು. ಲೆಕ್ಕಪತ್ರದ ನೈಪುಣ್ಯದಿಂದ ಭಂಡಾರಿಯ ಪದವಿಗೇರಿದರು. 1162ರಲ್ಲಿ ಬಿಜ್ಜಳನು ಚಾಲುಕ್ಯರ ಸಿಂಹಾಸನವನ್ನು ತನ್ನದಾಗಿಸಿಕೊಂಡನು.

ಬಸವಣ್ಣನವರ ಮಹಾಮನೆಯಲ್ಲಿ ಶರಣರಿಗೆ ನಿತ್ಯದಾಸೋಹ ನಡೆಯುತ್ತಿತ್ತು. ಅರಮನೆಯ ಹೊನ್ನೇ ಅಲ್ಲಿ ಕರಗುತ್ತಿದೆಯೆಂದು ಅಸೂಯಾಪರರು ಅರಸನ ಕಿವಿಯೂದಿದರು. ಬಿಜ್ಜಳನು ಭಂಡಾರವನ್ನು ತೆರೆಯಿಸಿ ಪರೀಕ್ಷಿಸಲಾಗಿ, ಕಾಸಿನಷ್ಟೂ ಕೊರತೆ ಕಾಣಲಿಲ್ಲವೆಂದು ಪುರಾಣಕವಿಗಳು ವರ್ಣಿಸಿದ್ದಾರೆ. ಲೆಕ್ಕದ ಕಡತವೇ ಅವರ ಸಾಕ್ಷಿಯಾಯಿತು.

ಎರಡನೆಯ ಆಪಾದನೆಯನ್ನು ಅಳಿಸಬಲ್ಲ ಕಡತವಿರಲಿಲ್ಲ. ಅಂಬಿಗ, ಮಡಿವಾಳ, ಸಮಗಾರ, ಬ್ರಾಹ್ಮಣ ಎಲ್ಲರೂ ಶರಣರ ಗೋಷ್ಠಿಯಲ್ಲಿ ಸರಿಸಮಾನರಾಗಿ ಕುಳಿತುದೇ ಅಪರಾಧವೆನಿಸಿತು. ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸರ ಮಗಳಿಗೂ ವಿವಾಹವಾಗಲು ವರ್ಣಸಂಕರವಾಯಿತೆಂಬ ಕೂಗೆದ್ದಿತು. ಆ ಇಬ್ಬರು ತಂದೆಯರು ಕ್ರೂರ ಶಿಕ್ಷೆಗೆ ಗುರಿಯಾದರೆಂದು ಪರಂಪರೆ ಹೇಳುತ್ತದೆ. ಬಸವಣ್ಣನವರು ಅಧಿಕಾರವನ್ನು ತೊರೆದು ಕೂಡಲಸಂಗಮಕ್ಕೆ ನಡೆದು, ಅಲ್ಲಿಯೇ ಐಕ್ಯರಾದರು. ಸುಮಾರು 1167ರ ಹೊತ್ತಿಗೆ ಕಲ್ಯಾಣದಲ್ಲಿ ಕ್ಷೋಭೆಯುಂಟಾಗಿ ಬಿಜ್ಜಳನ ಆಳ್ವಿಕೆಯೂ ಕೊನೆಗೊಂಡಿತು. ಶರಣರು ಚೆದುರಿದರು, ಚನ್ನಬಸವಣ್ಣನವರ ನೇತೃತ್ವದಲ್ಲಿ ಕೆಲವರು ಉಳವಿಯನ್ನು ಸೇರಿದರು.

ಕಲ್ಯಾಣವು ನೀಡದ ನ್ಯಾಯವನ್ನು ಕಾಲವು ನೀಡಿತು. ಒಂದು ಶತಮಾನ ತುಂಬುವ ಮೊದಲೇ, 1260ರ ಅರ್ಜುನವಾಡದ ಶಿಲಾಶಾಸನವು ಬಾಗೇವಾಡಿಯ ಮಾದಿರಾಜನ ಮಗನಾದ ಬಸವರಾಜನನ್ನು ಗೌರವದಿಂದ ಸ್ಮರಿಸಿತು. ಹರಿಹರನು ಕನ್ನಡದಲ್ಲಿ ರಗಳೆಯನ್ನೂ ಪಾಲ್ಕುರಿಕೆ ಸೋಮನಾಥನು ತೆಲುಗಿನಲ್ಲಿ ಬಸವಪುರಾಣವನ್ನೂ ರಚಿಸಿದರು. ಸೋಮನಾಥನ ಕೃತಿಯನ್ನು ಭೀಮಕವಿಯು 1369ರಲ್ಲಿ ಕನ್ನಡಕ್ಕೆ ತಂದನು. ಹೀಗೆ ಕನ್ನಡ ತೆಲುಗುಗಳೆರಡೂ ಮನೆಮಾತಾಗಿರುವ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಜನರಿಗೆ ಬಸವಚರಿತೆಯು ಎರಡು ನುಡಿಗಳಲ್ಲಿಯೂ ದೊರೆಯುವಂತಾಯಿತು. ಶರಣರ ವಚನಗಳನ್ನು ತಾಳೆಗರಿಗಳಿಂದ ಸಂಗ್ರಹಿಸಿದ ಫ. ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಲು, ಬಸವಣ್ಣನವರ ಮಾತೇ ಅವರ ಪರವಾಗಿ ನಿಂತಿತು. 2024ರಲ್ಲಿ ಕರ್ನಾಟಕ ಸರ್ಕಾರವು ಅವರನ್ನು ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು.

ಅಂದು ಅಪರಾಧವೆನಿಸಿದ ಸಮಾನತೆ ಇಂದು ನಮ್ಮ ಸಂವಿಧಾನದ ಆಧಾರವಾಗಿದೆ. ಬಸವಣ್ಣನವರು ಲೆಕ್ಕದಲ್ಲಿ ಶುದ್ಧರಾಗಿದ್ದುದರಿಂದಲೇ ಮೊದಲ ಆಪಾದನೆ ಅಂದೇ ಬಿದ್ದುಹೋಯಿತು. ನಂಬಿದ ತತ್ತ್ವವನ್ನು ಪದವಿಗಾಗಿ ಬಿಡದಿದ್ದುದರಿಂದ ಎರಡನೆಯದೂ ಬಿದ್ದುಹೋಯಿತು. ವಿದ್ಯಾರ್ಥಿಗಳು ಆ ಮಹಾತ್ಮರಿಂದ ಕಲಿಯಬೇಕಾದುದು ಈ ಎರಡು ಶುದ್ಧಿಗಳನ್ನು: ಕೈಯ ಶುದ್ಧಿ, ಮನದ ಶುದ್ಧಿ.