ಕಣ್ಣಿನ ಒಳಗನ್ನು ತೋರಿಸಿಕೊಟ್ಟ ಹೆಲ್ಮ್‌ಹೋಲ್ಟ್ಸ್

ನಮ್ಮ ಪರಿಚಯದ ನಿವೃತ್ತ ಅಧ್ಯಾಪಕರೊಬ್ಬರಿದ್ದಾರೆ. ಬೆಳಗಿನ ಕಾಪಿ ಮುಗಿಸಿ ಜಗಲಿಗೆ ಬಂದು ಕುಳಿತರೆಂದರೆ ಕನ್ನಡ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದ ತನಕ ಓದದೆ ಏಳುತ್ತಿರಲಿಲ್ಲ. ಕೆಲವು ವರ್ಷಗಳ ಹಿಂದೆ ಅವರಿಗೆ ಅಚ್ಚಿನ ಸಾಲುಗಳು ಡೊಂಕಾಗಿ ಕಾಣತೊಡಗಿದವು. ನೋಡಬೇಕೆಂದ ಅಕ್ಷರದ ಮೇಲೆಯೇ ಒಂದು ಮಸುಕು ಕಲೆ. ವಯಸ್ಸಾಯಿತು, ಪೊರೆ ಬಂದಿರಬೇಕು ಎಂದು ಅವರೂ ಮನೆಯವರೂ ಭಾವಿಸಿ ಎರಡು ಸಲ ಕನ್ನಡಕ ಬದಲಿಸಿದರು. ಕೊನೆಗೊಮ್ಮೆ ವೈದ್ಯರು ಕಣ್ಣಿಗೆ ಔಷಧ ಬಿಟ್ಟು, ಪಾಪೆಯನ್ನು ಹಿಗ್ಗಿಸಿ ಒಳಗೆ ನೋಡಿದಾಗಲೇ ನಿಜ ಸಂಗತಿ ತಿಳಿದುದು. ಬಂದದ್ದು ನಮ್ಮೂರಲ್ಲಿ ತಿಮಿರವೆಂದೂ ಕರೆಯುವ ಪೊರೆಯಲ್ಲ. ಕಣ್ಣಿನ ಹಿಂಗೋಡೆಯಲ್ಲಿರುವ ಅಕ್ಷಿಪಟಲದ ನಟ್ಟನಡುವಿನ ಹಳದಿ ಚುಕ್ಕೆ ಸವೆಯುವ ರೋಗ. ಅಷ್ಟರಲ್ಲಿ ಒಂದು ಕಣ್ಣಿನ ನಡುನೋಟ ಹೋಗಿಬಿಟ್ಟಿತ್ತು.

ಒಳಗೆ ನೋಡಿದಾಗ ತಿಳಿಯಿತು ಎಂದು ನಾವು ಈಗ ಸಲೀಸಾಗಿ ಹೇಳುತ್ತೇವೆ. ಆದರೆ ಜೀವಂತ ಮನುಷ್ಯನ ಕಣ್ಣಿನೊಳಗೆ ಇಣುಕಿ ನೋಡುವ ಉಪಾಯ 1850ರ ತನಕ ವೈದ್ಯರ ಕೈಯಲ್ಲಿ ಇರಲಿಲ್ಲ. ಅದನ್ನು ಒದಗಿಸಿಕೊಟ್ಟವರು ಕಣ್ಣಿನ ವೈದ್ಯರೂ ಅಲ್ಲ. ತರಗತಿಯ ಪಾಠಕ್ಕೆ ಸಿದ್ಧತೆ ನಡೆಸುತ್ತಿದ್ದ ಒಬ್ಬ ತರುಣ ಪ್ರಾಧ್ಯಾಪಕರು. ಅವರೇ ಜರ್ಮನಿಯ ಹರ್ಮನ್ ಹೆಲ್ಮ್‌ಹೋಲ್ಟ್ಸ್.

ಬರ್ಲಿನ್ನಿನ ಬಳಿಯ ಪೋಟ್ಸ್‌ಡಾಮ್ ಪಟ್ಟಣದಲ್ಲಿ 1821ರ ಆಗಸ್ಟ್ 31ರಂದು ಹರ್ಮನ್ ಹುಟ್ಟಿದನು. ತಂದೆ ಅಲ್ಲಿನ ಪ್ರೌಢಶಾಲೆಯಲ್ಲಿ ಅಧ್ಯಾಪಕರು. ಮನೆಯಲ್ಲಿ ವಿದ್ಯೆಗೆ ಕೊರತೆಯಿರಲಿಲ್ಲ, ಹಣಕ್ಕೆ ಇತ್ತು. ಹುಡುಗನಿಗೆ ಭೌತಶಾಸ್ತ್ರದ ಹುಚ್ಚು. ಆದರೆ ಅಧ್ಯಾಪಕರ ಸಂಬಳದಲ್ಲಿ ಮಗನನ್ನು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿಸುವುದು ಆಗುವ ಮಾತಾಗಿರಲಿಲ್ಲ. ಬರ್ಲಿನ್ನಿನ ಸೈನಿಕ ವೈದ್ಯ ಶಾಲೆಯಲ್ಲಿ ಶುಲ್ಕವಿಲ್ಲದೆ ವೈದ್ಯ ಕಲಿಸುತ್ತಿದ್ದರು. ಕಲಿತವರು ಎಂಟು ವರ್ಷ ಸೈನ್ಯದಲ್ಲಿ ವೈದ್ಯರಾಗಿ ದುಡಿದು ಋಣ ತೀರಿಸಬೇಕು. 1838ರಲ್ಲಿ ಹರ್ಮನ್ ಅಲ್ಲಿಗೆ ಸೇರಿದನು. ಇಷ್ಟಪಟ್ಟ ವಿದ್ಯೆ ಸಿಗದಿದ್ದಾಗ ಸಿಕ್ಕಿದ ವಿದ್ಯೆಯನ್ನು ಇಷ್ಟಪಟ್ಟು ಕಲಿಯುವ ಮಕ್ಕಳು ನಮ್ಮ ನಡುವೆಯೂ ಎಷ್ಟೋ ಮಂದಿ ಇದ್ದಾರೆ. ಹರ್ಮನ್ ಅಂಥವನೇ. ಆದರೆ ಭೌತಶಾಸ್ತ್ರವನ್ನು ಆತ ಬಿಟ್ಟುಬಿಡಲಿಲ್ಲ. ವೈದ್ಯದೊಳಗೇ ಅದನ್ನು ಹುಡುಕತೊಡಗಿದನು.

ವಿದ್ಯಾರ್ಥಿಯಾಗಿದ್ದಾಗ 1841ರಲ್ಲಿ ಆತ ಜ್ವರದಿಂದ ಆಸ್ಪತ್ರೆ ಸೇರಬೇಕಾಯಿತು. ಸೈನಿಕ ಶಾಲೆಯ ವಿದ್ಯಾರ್ಥಿಯಾದುದರಿಂದ ಆಸ್ಪತ್ರೆಯಲ್ಲಿ ಖರ್ಚಿರಲಿಲ್ಲ. ಹಾಸಿಗೆಯಲ್ಲಿದ್ದ ಅಷ್ಟು ದಿನ ಖರ್ಚಾಗದೆ ಉಳಿದ ವೇತನದಿಂದ ಆತ ಗುಣವಾಗಿ ಬಂದ ಮೇಲೆ ಒಂದು ಸೂಕ್ಷ್ಮದರ್ಶಕವನ್ನು ಕೊಂಡನು. ಆ ಉಪಕರಣದಿಂದಲೇ ಸಣ್ಣ ಜೀವಿಗಳ ನರಗಳನ್ನು ಅಭ್ಯಸಿಸಿ 1842ರಲ್ಲಿ ಡಾಕ್ಟರ್ ಪದವಿ ಪಡೆದನು.

ಮುಂದೆ ಪೋಟ್ಸ್‌ಡಾಮಿನ ಸೈನಿಕ ಪಾಳೆಯದಲ್ಲಿ ವೈದ್ಯ ವೃತ್ತಿ. ಬಿಡುವಿನಲ್ಲಿ ಪ್ರಯೋಗಗಳು. 1847ರ ಜುಲೈಯಲ್ಲಿ, ಇಪ್ಪತ್ತಾರು ತುಂಬುವ ಮೊದಲೇ, ಶಕ್ತಿಯು ರೂಪ ಬದಲಿಸಬಹುದೇ ಹೊರತು ನಾಶವಾಗದು ಎಂಬ ತತ್ತ್ವವನ್ನು ಗಣಿತದ ಬಲದಿಂದ ಪ್ರತಿಪಾದಿಸುವ ಪ್ರಬಂಧವನ್ನು ಹೆಲ್ಮ್‌ಹೋಲ್ಟ್ಸರು ಬರ್ಲಿನ್ನಿನ ಭೌತಶಾಸ್ತ್ರ ಸಂಘದಲ್ಲಿ ಓದಿದರು. ಆ ಕಾಲದ ಪ್ರಮುಖ ವಿಜ್ಞಾನ ಪತ್ರಿಕೆ ಅದನ್ನು ಪ್ರಕಟಿಸಲು ಒಪ್ಪಲಿಲ್ಲ. ಪ್ರತ್ಯೇಕ ಪುಸ್ತಿಕೆಯಾಗಿ ಅದು ಹೊರಬಂತು. ಇಂದು ಹೈಸ್ಕೂಲಿನ ಮಕ್ಕಳೆಲ್ಲ ಕಲಿಯುವ ಶಕ್ತಿ ಸಂರಕ್ಷಣೆಯ ನಿಯಮಕ್ಕೆ ಭದ್ರ ಬುನಾದಿ ಹಾಕಿದ ಬರಹಗಳಲ್ಲಿ ಅದೂ ಒಂದು. ಹಿರಿಯ ವಿಜ್ಞಾನಿ ಅಲೆಕ್ಸಾಂಡರ್ ಫಾನ್ ಹಂಬೋಲ್ಟರ ಪ್ರಯತ್ನದಿಂದ ಸೈನ್ಯದ ಋಣ ಅವಧಿಗೆ ಮೊದಲೇ ತೀರಿತು. 1849ರಲ್ಲಿ ಓಲ್ಗಾ ಎಂಬ ಕನ್ಯೆಯನ್ನು ವಿವಾಹವಾಗಿ, ಕೂನಿಗ್ಸ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ಶರೀರಶಾಸ್ತ್ರದ ಪ್ರಾಧ್ಯಾಪಕರಾಗಿ ಹೋದರು. ಆ ನಗರ ಈಗ ರಷ್ಯಾದಲ್ಲಿದೆ, ಹೆಸರು ಕಲಿನಿನ್‌ಗ್ರಾಡ್.

ನಾವು ಹೇಳಹೊರಟ ಘಟನೆ ನಡೆದುದು ಅಲ್ಲಿ, 1850ರ ಕೊನೆಯಲ್ಲಿ. ರಾತ್ರಿಯಲ್ಲಿ ದೀಪದೆದುರು ಬೆಕ್ಕಿನ ಕಣ್ಣು ಹೊಳೆಯುವುದನ್ನು ನಾವೆಲ್ಲ ಕಂಡಿದ್ದೇವೆ. ಮನುಷ್ಯನ ಪಾಪೆ ಮಾತ್ರ ಯಾವಾಗಲೂ ಕಪ್ಪಾಗಿ ಕಾಣುವುದೇಕೆ? ಈ ಪ್ರಶ್ನೆಯನ್ನು ವಿದ್ಯಾರ್ಥಿಗಳಿಗೆ ವಿವರಿಸಲು ಅವರು ಟಿಪ್ಪಣಿ ಸಿದ್ಧಪಡಿಸುತ್ತಿದ್ದರು. ಅವರ ಗೆಳೆಯ ಬ್ರೂಕೆ ಎಂಬ ವಿಜ್ಞಾನಿ ಸರಿಯಾದ ಕೋನದಿಂದ ನೋಡಿದರೆ ಮನುಷ್ಯನ ಕಣ್ಣೂ ಹೊಳೆಯುತ್ತದೆಂದು ಮೊದಲೇ ತೋರಿಸಿದ್ದರು. ಆದರೆ ಹಾಗೆ ಹೊರಬರುವ ಬೆಳಕು ಯಾವ ಬಿಂಬವನ್ನು ಹೊತ್ತು ತರುತ್ತದೆ ಎಂದು ಅವರು ಕೇಳಿಕೊಂಡಿರಲಿಲ್ಲ. ಹೆಲ್ಮ್‌ಹೋಲ್ಟ್ಸರು ಕೇಳಿಕೊಂಡರು.

ಸಂಗತಿ ಹೀಗಿದೆ. ಕಣ್ಣಿನೊಳಗೆ ಹೊಕ್ಕ ಬೆಳಕು ಹಿಂಗೋಡೆಗೆ ತಾಗಿ, ಬಂದ ದಾರಿಯಲ್ಲೇ ಹಿಂದೆ ಬರುತ್ತದೆ. ಅದನ್ನು ಕಾಣಬೇಕಾದರೆ ನೋಡುವವನ ಕಣ್ಣು ದೀಪವಿರುವ ಜಾಗದಲ್ಲೇ ಇರಬೇಕು. ಹಾಗೆ ಇಟ್ಟರೆ ಅವನ ತಲೆಯೇ ದೀಪಕ್ಕೆ ಅಡ್ಡ. ಆದುದರಿಂದ ಪಾಪೆ ಕಪ್ಪು. ಇದಕ್ಕೆ ಹೆಲ್ಮ್‌ಹೋಲ್ಟ್ಸರು ಕಂಡುಕೊಂಡ ಉಪಾಯ ಬಲು ಸರಳ. ದೀಪವನ್ನು ಪಕ್ಕದಲ್ಲಿಟ್ಟು, ಎರಡು ಕಣ್ಣುಗಳ ನಡುವೆ ಓರೆಯಾಗಿ ಗಾಜಿನ ತಟ್ಟೆ ಹಿಡಿದರು. ಗಾಜಿಗೆ ತಾಗಿದ ಬೆಳಕಿನಲ್ಲಿ ಒಂದು ಪಾಲು ಪ್ರತಿಫಲಿಸಿ ಎದುರಿನವರ ಕಣ್ಣಿನೊಳಗೆ ಹೋಗುತ್ತದೆ. ಅಲ್ಲಿಂದ ಹಿಂದೆ ಬರುವ ಬೆಳಕಿನಲ್ಲಿ ಒಂದು ಪಾಲು ಗಾಜನ್ನು ದಾಟಿ ನೋಡುವವನ ಕಣ್ಣಿಗೆ ಬರುತ್ತದೆ. ಬಿಂಬ ಸ್ಫುಟವಾಗಲು ಒಂದು ನಿಮ್ನ ಮಸೂರ. ಮೊದಲ ಉಪಕರಣಕ್ಕೆ ಬಳಸಿದುದು ರಟ್ಟು, ಕನ್ನಡಕದ ಗಾಜು, ಸೂಕ್ಷ್ಮದರ್ಶಕಕ್ಕೆ ಬಳಸುವ ತೆಳು ಗಾಜು, ಇಷ್ಟೇ. ಸುಮಾರು ಎಂಟು ದಿನ ಬಿಡದೆ ಪ್ರಯತ್ನಿಸಿದ ಮೇಲೆ ಜೀವಂತ ಮನುಷ್ಯನ ಅಕ್ಷಿಪಟಲ, ಅದರ ಮೇಲೆ ಹರಡಿದ ಕೆಂಪು ರಕ್ತನಾಳಗಳು ಅವರಿಗೆ ಸ್ಪಷ್ಟವಾಗಿ ಕಂಡವು.

1850ರ ಡಿಸೆಂಬರ್ 6ರಂದು ಬರ್ಲಿನ್ನಿನ ಸಂಘಕ್ಕೆ ಅವರು ಇದನ್ನು ತಿಳಿಸಿದರು. 1851ರಲ್ಲಿ ಉಪಕರಣದ ವಿವರಣೆ ಪುಸ್ತಿಕೆಯಾಗಿ ಪ್ರಕಟವಾಯಿತು. ಆ ಊರಿನ ಉಪಕರಣ ತಯಾರಕ ರೆಕೋಸ್ ಅದಕ್ಕೆ ತಿರುಗುವ ಮಸೂರಗಳ ಬಿಲ್ಲೆ ಜೋಡಿಸಿದನು. ಎಲ್ಲರೂ ಕೂಡಲೇ ಒಪ್ಪಿದರೆಂದಲ್ಲ. ರೋಗಿಯ ಕಣ್ಣಿಗೆ ಅಷ್ಟು ಬೆಳಕು ಬಿಡುವುದು ಅಪಾಯವೆಂದು ಹೆದರಿದ ವೈದ್ಯರಿದ್ದರು. ತಮ್ಮ ನೋಟ ಚೆನ್ನಾಗಿದೆ, ಇಂಥದು ಬೇಡವೆಂದವರೂ ಇದ್ದರು. ಆದರೆ ಬರ್ಲಿನ್ನಿನ ಆಲ್ಬ್ರೆಕ್ಟ್ ಫಾನ್ ಗ್ರೇಫೆ, ಹಾಲೆಂಡಿನ ಡಾಂಡರ್ಸ್ ಮೊದಲಾದ ತರುಣ ವೈದ್ಯರು ಅದನ್ನು ಕೈಗೆತ್ತಿಕೊಂಡರು. ಕಣ್ಣಿನ ವೈದ್ಯದ ಚರಿತ್ರೆಯೇ ಹೊರಳಿತು.

ಹೆಲ್ಮ್‌ಹೋಲ್ಟ್ಸರು ಒಂದೇ ಗೆಲುವಿಗೆ ತೃಪ್ತರಾದವರಲ್ಲ. ಕಪ್ಪೆಯ ನರದಲ್ಲಿ ಸಂದೇಶ ಸಾಗುವ ವೇಗವನ್ನು ಅಳೆದರು. ಅದು ಸೆಕೆಂಡಿಗೆ ಸುಮಾರು 27 ಮೀಟರ್. 1855ರಲ್ಲಿ ಬಾನ್‌ಗೆ, 1858ರಲ್ಲಿ ಹೈಡೆಲ್‌ಬರ್ಗ್‌ಗೆ ಹೋದರು. ದೃಷ್ಟಿಯ ಕುರಿತಾದ ಅವರ ಮಹಾಗ್ರಂಥ 1856ರಿಂದ 1867ರವರೆಗೆ ಭಾಗಭಾಗವಾಗಿ ಹೊರಬಂತು. ನಾದದ ಕುರಿತ ಗ್ರಂಥ 1863ರಲ್ಲಿ ಬಂತು. 1871ರಲ್ಲಿ ಬರ್ಲಿನ್ನಿನ ಭೌತಶಾಸ್ತ್ರ ಪೀಠ ಅವರಿಗೆ ದೊರೆಯಿತು. ಬಡತನದಿಂದ ಎಳೆಯ ವಯಸ್ಸಿನಲ್ಲಿ ಕೈಬಿಟ್ಟ ವಿದ್ಯೆ ಐವತ್ತನೆಯ ವರ್ಷದಲ್ಲಿ ಹೀಗೆ ಅವರ ಕೈಸೇರಿತು. ರೇಡಿಯೋ ಅಲೆಗಳನ್ನು ತೋರಿಸಿಕೊಟ್ಟ ಹೆನ್‌ರಿಕ್ ಹರ್ಟ್ಸ್ ಅವರ ಶಿಷ್ಯರು.

ಸಂಸಾರದಲ್ಲಿ ದುಃಖ ಬೆನ್ನು ಬಿಡಲಿಲ್ಲ. ಪತ್ನಿ ಓಲ್ಗಾ ಕ್ಷಯದಿಂದ ನರಳಿ 1859ರ ಕೊನೆಯಲ್ಲಿ ಇಬ್ಬರು ಎಳೆಯ ಮಕ್ಕಳನ್ನು ಬಿಟ್ಟು ತೀರಿಕೊಂಡರು. 1861ರಲ್ಲಿ ಆನ್ನಾ ಎಂಬವರನ್ನು ಹೆಲ್ಮ್‌ಹೋಲ್ಟ್ಸರು ಮರುಮದುವೆಯಾದರು. ಮಗಳು ಕೇಟೆ 1877ರಲ್ಲಿ, ಮಗ ರೋಬರ್ಟ್ 1889ರಲ್ಲಿ ತಂದೆಯ ಕಣ್ಣೆದುರೇ ಹೋದರು. ಕೆಲಸವನ್ನು ಮಾತ್ರ ಅವರು ನಿಲ್ಲಿಸಲಿಲ್ಲ.

1886ರಲ್ಲಿ ಹೈಡೆಲ್‌ಬರ್ಗ್‌ನ ನೇತ್ರವೈದ್ಯರ ಸಂಘ ಗ್ರೇಫೆ ಹೆಸರಿನ ಮೊದಲ ಪದಕವನ್ನು ಹೆಲ್ಮ್‌ಹೋಲ್ಟ್ಸರಿಗೆ ನೀಡಿತು. ಕೀರ್ತಿಯನ್ನು ಅವರು ತಮ್ಮಲ್ಲೇ ಇಟ್ಟುಕೊಳ್ಳಲಿಲ್ಲ. ತಾವು ಗಟ್ಟಿಯಾದ ಉಳಿ ಮಾಡಿಕೊಟ್ಟ ಕಮ್ಮಾರ ಮಾತ್ರ, ಆ ಉಳಿಯಿಂದ ಮೂರ್ತಿ ಕಡೆದ ಶಿಲ್ಪಿಗಳು ವೈದ್ಯರು ಎಂಬ ಅರ್ಥದಲ್ಲಿ ಅವರು ಸಭೆಗೆ ಉತ್ತರಿಸಿದರು. 1893ರಲ್ಲಿ ಅಮೆರಿಕದಿಂದ ಮರಳುವಾಗ ಹಡಗಿನ ಮೆಟ್ಟಿಲಿಂದ ಬಿದ್ದು ತಲೆಗೆ ಪೆಟ್ಟಾಯಿತು. ಮರುವರ್ಷ ಪಾರ್ಶ್ವವಾಯು ಬಡಿದು 1894ರ ಸೆಪ್ಟೆಂಬರ್ 8ರಂದು ಅವರು ನಿಧನ ಹೊಂದಿದರು.

ಆ ಉಳಿಯಿಂದ ಮುಂದೆ ಏನೇನು ಕಡೆದರೆಂಬುದನ್ನು ಹೇಳದಿದ್ದರೆ ಈ ಜೀವನ ಕಥೆ ಪೂರ್ತಿಯಾಗದು. ಒಳಗೆ ನೋಡಲಾಗದಿದ್ದ ಕಾಲದಲ್ಲಿ ಮುದುಕರ ನೋಟ ಮಸುಕಾದರೆ ವಯಸ್ಸಿನ ಮೇಲೆ ಭಾರ ಹಾಕುವುದಲ್ಲದೆ ಬೇರೆ ದಾರಿಯಿರಲಿಲ್ಲ. ನೋಡಲು ಬಂದ ಮೇಲೆ, 1874ರಲ್ಲಿ ಲಂಡನ್ನಿನ ಹಚಿನ್‌ಸನ್ ಮತ್ತು ಟೇ ಎಂಬ ವೈದ್ಯರು ವೃದ್ಧರ ಎರಡೂ ಕಣ್ಣುಗಳ ನಡುಭಾಗದಲ್ಲಿ ಕಾಣುವ ಕೆಡುಕನ್ನು ವರ್ಣಿಸಿದರು. 1885ರಲ್ಲಿ ಜ್ಯೂರಿಕ್‌ನ ಹಾಬ್ ಅದಕ್ಕೆ ವೃದ್ಧಾಪ್ಯದ ಹಳದಿ ಚುಕ್ಕೆಯ ಸವೆತವೆಂಬ ಹೆಸರಿಟ್ಟರು. ಹೆಸರಿಡಲು ಬಂದ ರೋಗಕ್ಕೆ ಔಷಧ ಹುಡುಕಬಹುದು. ಆದರೂ ಅದಕ್ಕೆ ನೂರು ವರ್ಷಕ್ಕಿಂತ ಹೆಚ್ಚು ಹಿಡಿಯಿತು.

ಈ ರೋಗ ಎರಡು ಬಗೆ. ಒಣ ಬಗೆಯಲ್ಲಿ ಅಂಗಾಂಶ ಮೆಲ್ಲನೆ ಸವೆಯುತ್ತದೆ. ಒದ್ದೆ ಬಗೆಯಲ್ಲಿ ಬೇಡದ ರಕ್ತನಾಳಗಳು ಬೆಳೆದು, ಸೋರಿ, ನೋಟವನ್ನು ಬೇಗ ಕೆಡಿಸುತ್ತವೆ. ಅಮೆರಿಕದ ರಾಷ್ಟ್ರೀಯ ನೇತ್ರ ಸಂಸ್ಥೆ ಸಾವಿರಾರು ವೃದ್ಧರ ಮೇಲೆ ವರ್ಷಗಟ್ಟಲೆ ನಡೆಸಿದ ಪರೀಕ್ಷೆಯ ಫಲ 2001ರಲ್ಲಿ ಹೊರಬಂತು: ಅಪಾಯದ ಹಂತದಲ್ಲಿದ್ದವರಿಗೆ ನಿಗದಿತ ವಿಟಮಿನ್ ಮತ್ತು ಸತುವಿನ ಮಾತ್ರೆ ಕೊಟ್ಟರೆ ರೋಗ ಮುಂದುವರಿಯುವ ಸಂಭವ ಸುಮಾರು ಕಾಲು ಭಾಗ ಕಡಿಮೆ. 2006ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ ಒದ್ದೆ ಬಗೆಯ 716 ರೋಗಿಗಳಿದ್ದರು. ಕೆಲವರಿಗೆ ರಾನಿಬಿಜುಮಾಬ್ ಎಂಬ ಔಷಧವನ್ನು ಕಣ್ಣಿನೊಳಗೆ ಚುಚ್ಚಿದರು. ಉಳಿದವರಿಗೆ ಚುಚ್ಚಿದಂತೆ ಮಾಡಿದರು, ಅಷ್ಟೇ. ವರ್ಷದ ಬಳಿಕ ಹೆಚ್ಚಿನ ಪ್ರಮಾಣದಲ್ಲಿ ಔಷಧ ಪಡೆದವರಲ್ಲಿ ನೂರಕ್ಕೆ ಸುಮಾರು 95 ಮಂದಿ ದೃಷ್ಟಿಯನ್ನು ಹೆಚ್ಚು ಕಳೆದುಕೊಳ್ಳದೆ ಉಳಿದರು. ಪಡೆಯದವರಲ್ಲಿ ಅಂಥವರು 62 ಮಂದಿ ಮಾತ್ರ. ಔಷಧವಿಲ್ಲದೆ ಉಳಿದವರು ಕಳೆದುಕೊಂಡ ಅಕ್ಷರಗಳ ಋಣವೂ ಈ ಜ್ಞಾನದ ಮೇಲಿದೆ. ಬೆಲೆ ಬಹಳ ಕಡಿಮೆಯಿರುವ ಬೆವಾಸಿಜುಮಾಬ್ ಕೂಡ ಅಷ್ಟೇ ಫಲ ಕೊಡುತ್ತದೆಂದು ಸುಮಾರು 1,200 ರೋಗಿಗಳ ಪರೀಕ್ಷೆ 2011ರಲ್ಲಿ ತೋರಿಸಿತು. ಮುಂದುವರಿದ ಒಣ ಬಗೆಯ ಸವೆತವನ್ನು ನಿಧಾನಿಸುವ ಚುಚ್ಚುಮದ್ದಿಗೆ 2023ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿದೆ. ಆದರೆ ಸವೆದುಹೋದುದನ್ನು ಅದು ಮರಳಿ ಕೊಡದು.

ಆದುದರಿಂದ ಬೇಗ ನೋಡಿಸುವುದೇ ಮುಖ್ಯ. ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ಕಿಟಕಿಯ ಸರಳುಗಳನ್ನು ನೋಡಿರಿ. ಮತ್ತೆ ಕಣ್ಣು ಬದಲಿಸಿರಿ. ನೆಟ್ಟಗಿನ ಸರಳು ಡೊಂಕಾಗಿ ಕಂಡರೆ, ನಡುವೆ ಕಲೆ ಕಂಡರೆ, ಕನ್ನಡಕದ ಅಂಗಡಿಗಲ್ಲ, ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು. ಪಾಪೆ ಹಿಗ್ಗಿಸಿ ಒಳಗೆ ನೋಡಲು ಕೇಳಬೇಕು. ಬೀಡಿ ಸಿಗರೇಟು ಸೇದುವವರಿಗೆ ಈ ರೋಗದ ಭಯ ಹೆಚ್ಚು ಎಂಬುದೂ ನೆನಪಿರಲಿ.

ನಮ್ಮ ಎಷ್ಟೋ ಮನೆಗಳಲ್ಲಿ ಮಕ್ಕಳ ಓದು ಇಂದು ಬೇರೆ ಭಾಷೆಯಲ್ಲಿ. ಕನ್ನಡ ಪತ್ರಿಕೆಯನ್ನು ಬಿಡಿಸಿ, ನಾಲ್ಕು ಸಾಲು ಗಟ್ಟಿಯಾಗಿ ಓದಿ ಹೇಳುವವರು ಅಜ್ಜನೋ ಅಜ್ಜಿಯೋ ಆಗಿರುತ್ತಾರೆ. ಅವರು ಪತ್ರಿಕೆಯನ್ನು ಮಡಚಿ ಬದಿಗಿಟ್ಟರೆ ವಯಸ್ಸಾಯಿತೆಂದು ಸುಮ್ಮನಿರದೆ, ಕಾರಣವೇನೆಂದು ವಿಚಾರಿಸೋಣ. ನಾವು ಹೇಳಿದ ಆ ಹಿರಿಯರು ಈಗ ಇನ್ನೊಂದು ಕಣ್ಣಿಗೆ ಕ್ರಮವಾಗಿ ಚಿಕಿತ್ಸೆ ಪಡೆಯುತ್ತಿದ್ದಾರೆ. ದಪ್ಪ ಅಕ್ಷರದ ತಲೆಬರಹಗಳನ್ನು ತಾವೇ ಓದುತ್ತಾರೆ. ಉಳಿದುದನ್ನು ಮೊಮ್ಮಗಳು ಅಕ್ಷರ ಕೂಡಿಸಿ ಓದಿ ಹೇಳುತ್ತಾಳೆ. ತಪ್ಪಿದಲ್ಲಿ ಅವರು ತಿದ್ದುತ್ತಾರೆ.