ಗಾಳ ಹಿಡಿದ ಸಾರ್ವಭೌಮ: ಭೂಲೋಕಮಲ್ಲ ಸೋಮೇಶ್ವರ

ಮುಳಾ ಮುಠಾ ನದಿಗಳು ಪುಣೆಯ ಸಂಗಮದಲ್ಲಿ ಕೂಡಿ ಮೂಡಲಿಗೆ ಹರಿದು ಭೀಮೆಯನ್ನು ಸೇರುತ್ತವೆ. ಭೀಮೆಯು ಪಂಢರಪುರವನ್ನು ಬಳಸಿ, ಕನ್ನಡ ನಾಡನ್ನು ಹೊಕ್ಕು, ಕಲಬುರಗಿಯ ಸೀಮೆಯನ್ನು ತೊಯಿಸಿ, ರಾಯಚೂರಿನ ಕಡೆಯಲ್ಲಿ ಕೃಷ್ಣೆಯೊಡನೆ ಬೆರೆಯುವಳು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದು ಇಲ್ಲಿ ನೆಲೆಸಿದ ಕನ್ನಡಿಗರಾದ ನಾವು, ನಮ್ಮ ಕಣ್ಣೆದುರಿನ ಈ ನೀರು ಪ್ರತಿನಿತ್ಯವೂ ಕನ್ನಡ ನೆಲದ ಕಡೆಗೆ ಹರಿಯುತ್ತಿರುವುದನ್ನು ನೆನೆಯುವುದು ಅಪರೂಪ. ಈ ನದಿಗಳ ನಾಡನ್ನೆಲ್ಲ ಒಂದೇ ಕೊಡೆಯ ಕೆಳಗೆ ಆಳಿದ ಒಬ್ಬ ಕನ್ನಡ ಚಕ್ರವರ್ತಿಯು, ಗಾಳಕ್ಕೆ ಸಿಕ್ಕಿದ ಮೀನು ಹೇಗೆ ಸೆಣಸುತ್ತದೆ, ಅದನ್ನು ದಣಿಸಿ ದಡಕ್ಕೆ ತರುವ ಬಗೆ ಯಾವುದು ಎಂಬುದನ್ನು ಶಾಸ್ತ್ರವಾಗಿ ಬರೆಯಿಸಿಟ್ಟನೆಂಬುದು ನಮ್ಮಲ್ಲಿ ಹಲವರಿಗೆ ಹೊಸ ಸಂಗತಿಯಾದೀತು. ಅವನೇ ಕಲ್ಯಾಣದ ಚಾಲುಕ್ಯ ವಂಶದ ಮೂರನೆಯ ಸೋಮೇಶ್ವರ.

ಸೋಮೇಶ್ವರನ ತಂದೆ ಆರನೆಯ ವಿಕ್ರಮಾದಿತ್ಯನು ಕ್ರಿ. ಶ. 1076ರಿಂದ 1126ರ ವರೆಗೆ, ಅರ್ಧ ಶತಮಾನ ಕಾಲ ಸಿಂಹಾಸನದಲ್ಲಿ ಕುಳಿತವನು. ತನ್ನ ಹೆಸರಿನ ಶಕವನ್ನೇ ನಡೆಯಿಸಿದವನು. ಕಾಶ್ಮೀರದಿಂದ ಬಂದ ಬಿಲ್ಹಣ ಕವಿಯು ಅವನ ಚರಿತ್ರೆಯನ್ನು ಕಾವ್ಯವಾಗಿ ಹಾಡಿದನು. ಹಿಂದೂ ದಾಯಭಾಗದ ನ್ಯಾಯಕ್ಕೆ ಶತಮಾನಗಳ ಕಾಲ ಆಧಾರವಾದ ಮಿತಾಕ್ಷರಾ ಎಂಬ ಗ್ರಂಥವನ್ನು ವಿಜ್ಞಾನೇಶ್ವರನು ಬರೆದದ್ದು ಅದೇ ಆಳಿಕೆಯಲ್ಲಿ. ಇಂಥ ಆಸ್ಥಾನದಲ್ಲಿ ಬೆಳೆದ ಕುಮಾರನಿಗೆ ಕತ್ತಿಗಿಂತ ಕಂಠ ಹಿರಿದಾಗಿ ಕಂಡುದರಲ್ಲಿ ಆಶ್ಚರ್ಯವಿಲ್ಲ. 1126ರಲ್ಲಿ ಅವನು ಪಟ್ಟವೇರಿದನು. ಭೂಲೋಕಮಲ್ಲ ಎಂಬುದು ಅವನ ಬಿರುದು. ಸರ್ವಜ್ಞನೆಂದೂ ಜನ ಅವನನ್ನು ಕರೆದರು. ಮೊದಲನೆಯ ಬಿರುದಿಗಿಂತ ಎರಡನೆಯದೇ ಅವನಿಗೆ ಹೆಚ್ಚು ಒಪ್ಪಿತು.

ಅವನ ಹೆಸರನ್ನು ಉಳಿಸಿದ್ದು ಮಾನಸೋಲ್ಲಾಸ ಎಂಬ ಸಂಸ್ಕೃತ ಗ್ರಂಥ. ಅಭಿಲಷಿತಾರ್ಥಚಿಂತಾಮಣಿ ಎಂದು ಅದಕ್ಕೆ ಇನ್ನೊಂದು ಹೆಸರು. ಇಪ್ಪತ್ತು ಇಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳು, ಅಂದರೆ ನೂರು ಅಧ್ಯಾಯಗಳು. ಗ್ರಹಗಣಿತದ ಲೆಕ್ಕಕ್ಕಾಗಿ ಗ್ರಂಥದೊಳಗೆ ಶಕವರ್ಷ 1051ನ್ನು ಹಿಡಿದಿರುವುದರಿಂದ, ಕ್ರಿ. ಶ. 1129ರ ಸುಮಾರಿಗೆ ಇದು ರಚಿತವಾಯಿತೆಂದು ಪಂಡಿತರು ನಿರ್ಣಯಿಸಿದ್ದಾರೆ. ರಾಜ್ಯವನ್ನು ಪಡೆಯುವುದು ಹೇಗೆ, ಪಡೆದುದನ್ನು ನಿಲ್ಲಿಸಿಕೊಳ್ಳುವುದು ಹೇಗೆ ಎಂಬಲ್ಲಿಂದ ತೊಡಗಿ, ಊಟ, ಉಡುಗೆ, ಆನೆ, ಕುದುರೆ, ಮಲ್ಲಯುದ್ಧ, ಸಂಗೀತ, ನೃತ್ಯ, ಚಿತ್ರಕಲೆಗಳವರೆಗೆ ಅರಸನು ಅರಿಯಬೇಕಾದ ಎಲ್ಲ ವಿಷಯಗಳೂ ಅದರಲ್ಲಿ ಅಡಕವಾಗಿವೆ. ಮಹಾರಾಷ್ಟ್ರದ ಹೆಂಗಸರು ಧಾನ್ಯ ಕುಟ್ಟುವಾಗ ಓವಿಗಳನ್ನು ಹಾಡುವರೆಂಬ ಮಾತೂ ಅಲ್ಲಿದೆ. ಎಲ್ಲವನ್ನೂ ಅರಸನೊಬ್ಬನೇ ಬರೆದನೋ, ಆಸ್ಥಾನದ ವಿದ್ವಾಂಸರ ಕೈಯೂ ಸೇರಿತೋ ಎಂಬ ಚರ್ಚೆಯುಂಟು. ಆದರೆ ಗ್ರಂಥದ ಹಿಂದಿನ ಕುತೂಹಲವು ಅವನದೇ ಎಂಬುದರಲ್ಲಿ ಸಂದೇಹವಿಲ್ಲ.

ಹೋಟೆಲಿನ ಒಲೆಯ ಮುಂದೆ ವರ್ಷಗಳನ್ನು ಕಳೆದವರಿಗೆ ಈ ಗ್ರಂಥದ ಅನ್ನಭೋಗದ ಅಧ್ಯಾಯವು ವಿಶೇಷವಾಗಿ ಪ್ರಿಯವಾದೀತು. ಉದ್ದಿನ ಹಿಟ್ಟಿನಿಂದ ಮಾಡುವ ಇಡ್ಡರಿಕೆ, ಬೇಳೆಯ ದೋಸಕ, ವಟಕ, ಮಂಡಕ ಇವೆಲ್ಲ ಅಲ್ಲಿ ಬರುತ್ತವೆ. ಇಂದಿನ ಇಡ್ಲಿಯಂತೆ ಅಕ್ಕಿ ಬೆರೆಸಿ ಹುದುಗಿಸುವ ಕ್ರಮ ಅಲ್ಲಿ ಕಾಣುವುದಿಲ್ಲ. ಆದರೆ ಹೆಸರಿನ ನಂಟು ಸ್ಪಷ್ಟವಾಗಿದೆ. ಬೆಳಗಾವಿಯ ಮಂಡಿಗೆಯನ್ನು ಉಂಡವರಿಗೆ ಮಂಡಕದ ಪರಿಚಯ ಹೇಳಬೇಕಾಗಿಲ್ಲ. ಮೀನನ್ನು ತುಂಡರಿಸಿ, ತೊಳೆದು, ಹುಣಿಸೆಯ ರಸದಲ್ಲಿ ಬೇಯಿಸುವ ವಿಧಾನವೂ ಅಲ್ಲಿದೆ. ಆದುದರಿಂದ ಈ ದೊರೆಯು ಮೀನನ್ನು ನೀರಿನಿಂದ ತಟ್ಟೆಯವರೆಗೂ ಹಿಂಬಾಲಿಸಿದವನೆನ್ನಬಹುದು.

ಮೀನು ಹಿಡಿಯುವ ವಿಷಯವು ನಾಲ್ಕನೆಯ ವಿಂಶತಿಯಲ್ಲಿ, ಮತ್ಸ್ಯವಿನೋದವೆಂಬ ಅಧ್ಯಾಯದಲ್ಲಿ ಬರುತ್ತದೆ. ಸುಮಾರು ಮೂವತ್ತೈದು ಬಗೆಯ ಮೀನುಗಳನ್ನು ಅಲ್ಲಿ ಹೆಸರಿಸಲಾಗಿದೆ. ಕಡಲಿನವು ಯಾವುವು, ಹೊಳೆಯವು ಯಾವುವು, ಹುರುಪೆಯುಳ್ಳವು ಯಾವುವು, ಬರಿಯ ತೊಗಲಿನವು ಯಾವುವು, ದೊಡ್ಡವು ಯಾವುವು, ಚಿಕ್ಕವು ಯಾವುವು ಎಂದು ವಿಂಗಡಿಸಲಾಗಿದೆ. ರೋಹಿತ, ಪಾಠೀನ ಮೊದಲಾದ ಸಂಸ್ಕೃತದ ಹೆಸರುಗಳ ನಡುವೆ ದಖ್ಖನದ ಆಡುನುಡಿಯ ವಾಸನೆಯುಳ್ಳ ಹೆಸರುಗಳೂ ಇವೆ. ಮೀನುಗಳ ಶಾಸ್ತ್ರಜ್ಞರಾದ ಸುಂದರಲಾಲ ಹೋರಾ ಅವರು 1951ರಲ್ಲಿ ಈ ಅಧ್ಯಾಯವನ್ನು ಪರಿಶೀಲಿಸಿ ವಿದ್ವಾಂಸರ ಗಮನಕ್ಕೆ ತಂದರು. ಯಾವ ಹೆಸರು ಯಾವ ಮೀನಿಗೆ ಸಲ್ಲುವುದೆಂಬುದು ಎಲ್ಲೆಡೆಯೂ ಸುಲಭವಲ್ಲ. ರೋಹು ಮೂಲತಃ ಉತ್ತರದ ನದಿಗಳ ಮೀನು. ನಮ್ಮ ದಕ್ಷಿಣದ ಕೆರೆ ಹೊಳೆಗಳಿಗೆ ಅದನ್ನು ತಂದು ಬಿಟ್ಟದ್ದು ಬಹಳ ಈಚೆಗೆ. ಸೋಮೇಶ್ವರನ ರೋಹಿತವು ಅದರ ದಖ್ಖನದ ದಾಯಾದಿಯೊಂದು ಆಗಿದ್ದರೂ ಇರಬಹುದು.

ಈ ಅಧ್ಯಾಯದ ಮುಖ್ಯ ಗುಣವೇನೆಂದರೆ, ಹಿಡಿಯುವುದಕ್ಕಿಂತ ಮೊದಲು ಸಾಕುವುದನ್ನು ಅದು ಹೇಳುತ್ತದೆ. ಗೊತ್ತಾದ ಮಡುಗಳಲ್ಲಿ, ಗೊತ್ತಾದ ಹೊತ್ತಿನಲ್ಲಿ, ಆಯಾ ಮೀನಿಗೆ ಒಗ್ಗುವ ಉಂಡೆಗಳನ್ನು ಹಾಕಬೇಕು. ಎಳ್ಳಿನ ಹಿಂಡಿ, ಕಡಲೆಯ ಹಿಟ್ಟು, ಅನ್ನ, ಮಾಂಸ ಇವು ಆಹಾರಗಳು. ಮೀನು ಕೊಬ್ಬಿ ಬೆಳೆದ ಮೇಲೆ ಗಾಳದ ಮಾತು. ಬಳಿಕ ಕೋಲು, ನಾರಿನ ಹುರಿ, ಲೋಹದ ಕೊಕ್ಕೆ, ಇರೆ ಇವುಗಳ ವಿವರ. ಮೀನು ಕಚ್ಚಿದೊಡನೆ ಬಲವನ್ನೆಲ್ಲ ಹಾಕಿ ಎಳೆಯುವವನು ಅವಿವೇಕಿ. ಬಲವಾದ ಮೀನು ಓಡುವಾಗ ಹುರಿಯನ್ನು ಸಡಿಲ ಬಿಡಬೇಕು. ಅದು ಸೋತಾಗ ಸೆಳೆದುಕೊಳ್ಳಬೇಕು. ಹೀಗೆ ಬಿಡುತ್ತ ಸೆಳೆಯುತ್ತ ದಣಿಸಿ ದಡಕ್ಕೆ ತರಬೇಕು. ಒಂಬತ್ತು ನೂರು ವರ್ಷ ಕಳೆದರೂ ಗಾಳಗಾರರು ಇದಕ್ಕಿಂತ ಹೆಚ್ಚಿನ ತತ್ತ್ವವನ್ನೇನೂ ಕಂಡುಹಿಡಿದಿಲ್ಲ.

ಎಲ್ಲ ಮೀನುಗಳ ಸೆಣಸಾಟವೂ ಒಂದೇ ತೆರನಲ್ಲ. ಪಾಠೀನವೆಂದರೆ ನಮ್ಮ ಬಾಳೆ ಮೀನೆಂದು ಬಲ್ಲವರ ಅಭಿಪ್ರಾಯ. ಅದರ ಬಾಯಿ ವಿಶಾಲ, ಹಲ್ಲು ಹರಿತ. ಇರೆಯ ಮೇಲೆ ಎರಗುವ ರಭಸವನ್ನು ನೋಡಿದವರು ದೊಡ್ಡ ಯುದ್ಧವನ್ನೇ ನಿರೀಕ್ಷಿಸುವರು. ಆದರೆ ದೇಹ ದೊಡ್ಡದಾದರೂ ಬಾಲ ಕಿರಿದಾದುದರಿಂದ ಅದು ಬೇಗನೆ ಸೋಲುವುದು. ಕೊರವ ಮೀನು ಪೊದೆಯೊಳಗೆ ಅವಿತಿದ್ದು ಹಠಾತ್ತನೆ ನೆಗೆಯುವುದು, ತಲೆ ಕೊಡಹುವುದು, ಮತ್ತೆ ಜೊಂಡಿನೊಳಗೆ ನುಗ್ಗುವುದು. ಅದರ ಕಾದಾಟ ತೀಕ್ಷ್ಣವಾದರೂ ಅಲ್ಪಕಾಲದ್ದು. ಕಾಟ್ಲಾ ಭಾರದ ಮೀನು. ನಿಧಾನವಾಗಿ, ಬಂಡಿಯನ್ನು ಎಳೆದಂತೆ ಎಳೆಯುವುದು. ರೋಹು ಮೆಲ್ಲಗೆ ಮುಟ್ಟಿ, ಕೊಕ್ಕೆ ನಾಟಿದ ಮೇಲೆ ದೀರ್ಘವಾಗಿ ಓಡಿ, ಬಹಳ ಹೊತ್ತು ಛಲ ಬಿಡದು. ಮಹಾಶೀರ್ ಎಂಬ ದೇವರ ಮೀನಾದರೋ ಮೊದಲ ಓಟದಲ್ಲಿಯೇ ತನ್ನ ಸರ್ವಬಲವನ್ನೂ ಸುರಿಯುವುದು. ಸೆಳವಿನ ಕಡೆಗೆ ತಿರುಗಿ, ಬಂಡೆಗಳ ಸಂದಿಗೆ ನುಗ್ಗಿ, ಎಂಥ ಹುರಿಯನ್ನೂ ಹರಿಯುವುದು.

ಇದಕ್ಕೆ ಕಾರಣವನ್ನು ಹುಡುಕಿದವನು ನಮ್ಮ ಕರಾವಳಿಯಲ್ಲಿಯೇ ಇದ್ದನು. ದಕ್ಷಿಣ ಕನ್ನಡ ಜಿಲ್ಲೆಯ ಕಲೆಕ್ಟರನಾಗಿದ್ದ ಹೆನ್ರಿ ಸಲ್ಲಿವನ್ ಥಾಮಸನು 1873ರಲ್ಲಿ ಮಂಗಳೂರಿನಲ್ಲಿ ದಿ ರಾಡ್ ಇನ್ ಇಂಡಿಯಾ ಎಂಬ ಪುಸ್ತಕವನ್ನು ಪ್ರಕಟಿಸಿದನು. ವಿಲಾಯತಿಯ ಸಾಲ್ಮನ್ ಮೀನಿಗಿಂತ, ಗಾತ್ರಕ್ಕೆ ಗಾತ್ರ ಹೋಲಿಸಿದರೆ, ಮಹಾಶೀರವೇ ಹೆಚ್ಚಿನ ಬಲಶಾಲಿಯೆಂದು ಅವನು ವಾದಿಸಿದನು. ಅದರ ಬಾಲ ಮತ್ತು ಈಜುರೆಕ್ಕೆಗಳ ಹರವನ್ನು ಶರೀರದೊಡನೆ ಹೋಲಿಸಿ ಆ ಬಲದ ಮೂಲವನ್ನು ತೋರಿಸಿದನು. ಇಂದಿನ ವಿಜ್ಞಾನವು ಇನ್ನೂ ಒಂದು ಮಾತನ್ನು ಸೇರಿಸಿದೆ. ಮೀನಿನ ಬಿಳಿಯ ಮಾಂಸಖಂಡಗಳು ಕ್ಷಣಿಕವಾದ ಭಾರಿ ಓಟಕ್ಕೆ, ಕೆಂಪು ಮಾಂಸಖಂಡಗಳು ನಿಧಾನವಾದ ದೀರ್ಘ ಈಜಿಗೆ ಉಪಯುಕ್ತವಾಗಿವೆ. ಬಿಳಿಯ ಖಂಡಗಳು ದುಡಿದಂತೆಲ್ಲ ಲ್ಯಾಕ್ಟಿಕ್ ಆಮ್ಲವು ಕೂಡಿಕೊಂಡು ಮೀನು ಸೋಲುವುದು. ಅತಿಯಾಗಿ ದಣಿದ ಮೀನನ್ನು ಮರಳಿ ನೀರಿಗೆ ಬಿಟ್ಟರೂ ಅದು ಸಾಯುವುದುಂಟು.

ಇನ್ನು ಅರಸನ ಕಥೆಗೆ ಮರಳೋಣ. ವಿಕ್ರಮಾದಿತ್ಯನು ಕಣ್ಣು ಮುಚ್ಚಿದೊಡನೆ ಸಾಮಂತರು ತಲೆಯೆತ್ತಿದರು. ಮೂಡಲಲ್ಲಿ ವೆಂಗಿಯು ಚೋಳರ ಕೈಗೆ ಮರಳಿತು. ತೆಂಕಲಲ್ಲಿ ಹೊಯ್ಸಳ ವಿಷ್ಣುವರ್ಧನನು ಹೆಸರಿಗೆ ಮಾತ್ರ ತಗ್ಗಿ, ನೆಲವನ್ನು ಹಿಗ್ಗಿಸುತ್ತ ಹೋದನು. ಚಕ್ರವರ್ತಿಯು ಇದನ್ನೆಲ್ಲ ಬೇರುಸಹಿತ ಕೀಳುವ ದಂಡಯಾತ್ರೆಗಿಂತ ಗ್ರಂಥರಚನೆಯಲ್ಲಿ ಮನಸ್ಸಿಟ್ಟನೆಂಬ ಆಕ್ಷೇಪವನ್ನು ಇತಿಹಾಸಕಾರರು ಮಾಡಿರುವರು. ಅದು ಪೂರ್ತಿಯಾಗಿ ಸುಳ್ಳಲ್ಲ. ಹುರಿಯನ್ನು ಸಡಿಲ ಬಿಡುವ ವಿದ್ಯೆ ಅವನಿಗೆ ಚೆನ್ನಾಗಿ ತಿಳಿದಿತ್ತು. ಸಮಯವರಿತು ಸೆಳೆದುಕೊಳ್ಳುವ ವಿದ್ಯೆಯನ್ನು ರಾಜ್ಯದ ಕೆಲಸದಲ್ಲಿ ಅವನು ಬಳಸಲಿಲ್ಲ. ಆದರೂ ಅವನ ಹನ್ನೆರಡು ವರ್ಷಗಳ ಆಳಿಕೆಯು ಬಹುಮಟ್ಟಿಗೆ ಶಾಂತವಾಗಿ ನಡೆದುದನ್ನು ಮರೆಯಲಾಗದು. ಪ್ರಜೆಗಳಿಗೆ ಶಾಂತಿಯೂ ಒಂದು ದೊಡ್ಡ ಲಾಭವೇ.

ಇನ್ನೊಂದು ಕೊರತೆಯನ್ನು ನಾವು ಮುಚ್ಚಿಡಬಾರದು. ಮತ್ಸ್ಯವಿನೋದವು ಅರಸನ ವಿನೋದ. ಅದೇ ಹೊಳೆಯಲ್ಲಿ ಬಲೆ ಬೀಸಿ ಮಕ್ಕಳಿಗೆ ಗಂಜಿ ಕಾಣಿಸುತ್ತಿದ್ದ ಬೆಸ್ತನ ಬದುಕನ್ನು ಚಿತ್ರಿಸುವುದು ಅದರ ಉದ್ದೇಶವಲ್ಲ. ಯಾವ ಮೀನು ಎಲ್ಲಿರುವುದು, ಏನನ್ನು ತಿನ್ನುವುದು ಎಂಬ ಅರಿವು ಅರಮನೆಯಲ್ಲಿ ಹುಟ್ಟಿದ್ದಲ್ಲ. ನೀರಿನಲ್ಲಿ ನಿಂತವರಿಂದ ಅರಮನೆಗೆ ಬಂದದ್ದು. ಅದೇ ಶತಮಾನದಲ್ಲಿ, ಅದೇ ಕಲ್ಯಾಣದಲ್ಲಿ ಶರಣರ ಕಾಲ ಬಂದಾಗ ದೋಣಿ ನಡೆಯಿಸುವ ಅಂಬಿಗರ ಚೌಡಯ್ಯನು ತಾನೇ ಬಾಯಿ ತೆರೆದು ನುಡಿದನು. ಅರಸನ ಸಂಸ್ಕೃತವು ಬಿಟ್ಟದ್ದನ್ನು ಅಂಬಿಗನ ಕನ್ನಡವು ತುಂಬಿತು.

ಸೋಮೇಶ್ವರನು 1138ರಲ್ಲಿ ತೀರಿಕೊಂಡನು. ತಂದೆಯ ಚರಿತ್ರೆಯಾಗಿ ಅವನು ತೊಡಗಿದ ವಿಕ್ರಮಾಂಕಾಭ್ಯುದಯವು ಅಪೂರ್ಣವಾಗಿಯೇ ಉಳಿಯಿತು. ಇಪ್ಪತ್ತು ವರ್ಷ ತುಂಬುವುದರೊಳಗೆ ಕಲ್ಯಾಣವು ಕಳಚುರ್ಯ ಬಿಜ್ಜಳನ ವಶವಾಯಿತು. ರಾಜ್ಯ ಅಳಿಯಿತು, ಪುಸ್ತಕ ಉಳಿಯಿತು. ನಮ್ಮ ಪುಣೆಯ ರಾಮಕೃಷ್ಣ ಗೋಪಾಳ ಭಾಂಡಾರಕರರು 1884ರಲ್ಲಿ ಪ್ರಕಟಿಸಿದ ದಖ್ಖನದ ಪ್ರಾಚೀನ ಚರಿತ್ರೆಯಲ್ಲಿ ಈ ದೊರೆಯನ್ನೂ ಅವನ ಗ್ರಂಥವನ್ನೂ ಪ್ರಸ್ತಾಪಿಸಿದರು. ಮೈಸೂರಿನಲ್ಲಿ ಶಾಮಶಾಸ್ತ್ರಿಗಳು 1926ರಲ್ಲಿ ಅದರ ಮೊದಲ ಭಾಗವನ್ನು ಅಚ್ಚು ಹಾಕಿಸಿದರು. ಬರೋಡೆಯಲ್ಲಿ 1925ರಿಂದ 1961ರ ವರೆಗೆ ಮೂರು ಸಂಪುಟಗಳಾಗಿ ಅದು ಹೊರಬಂದಿತು.

ಕಡೆಯಲ್ಲಿ ನಮ್ಮ ಊರಿನ ಮಾತು. ದಖ್ಖನದ ಮಹಾಶೀರವನ್ನು ಲೋಕದ ವಿಜ್ಞಾನಕ್ಕೆ ಪರಿಚಯಿಸಿದವನು ಪುಣೆಯಲ್ಲಿದ್ದ ಕರ್ನಲ್ ಸೈಕ್ಸ್. ಪುಣೆಯ ಮೂಡಲಿಗೆ ಮುಳಾ ಮುಠಾ ನದಿಯಲ್ಲಿ ದೊರೆತ ಮೀನಿಗೆ, ಸ್ಥಳೀಯರ ಬಾಯಿಂದ ಕೇಳಿದ ಖುದ್ರಿ ಎಂಬ ಹೆಸರನ್ನೇ ಅವನು 1839ರಲ್ಲಿ ಇಟ್ಟನು. ಇಂದು ಅದೇ ನೀರು ಊರಿನ ಕೊಳಚೆಯನ್ನು ಹೊತ್ತು ಸಾಗುತ್ತಿದೆ. ಆದರೂ ಆ ಜಾತಿ ಅಳಿಯಲಿಲ್ಲ. ಲೋಣಾವಳೆಯಲ್ಲಿ ಟಾಟಾ ವಿದ್ಯುತ್ ಸಂಸ್ಥೆಯವರು 1970ರ ದಶಕದಿಂದ ಅದರ ಮರಿಗಳನ್ನು ಬೆಳೆಸಿ ಹಲವು ಪ್ರಾಂತಗಳಿಗೆ ಕಳುಹಿದರು. ಕಾವೇರಿಗೂ ಅವು ಹೋದವು. ಅಲ್ಲಿ ಅವು ಎಷ್ಟು ಹಬ್ಬಿದವೆಂದರೆ, ಕಾವೇರಿಯದೇ ಆದ ಗೂನುಬೆನ್ನಿನ ಮಹಾಶೀರದ ಕ್ಷೀಣತೆಗೆ ಇದೂ ಒಂದು ಕಾರಣವೆಂದು ತಜ್ಞರು ಎಚ್ಚರಿಸಿದ್ದಾರೆ. ಆ ಗೂನುಬೆನ್ನಿನ ಮೀನನ್ನು 2018ರಲ್ಲಿ ಅತ್ಯಂತ ಅಪಾಯಕ್ಕೊಳಗಾದ ಜಾತಿಗಳ ಪಟ್ಟಿಗೆ ಸೇರಿಸಲಾಯಿತು. ಒಳ್ಳೆಯ ಉದ್ದೇಶದಿಂದ ಮಾಡಿದ ಕೆಲಸಕ್ಕೂ ನೀರಿನ ಸ್ವಭಾವದ ಅರಿವು ಬೇಕೆಂಬುದಕ್ಕೆ ಇದು ನಿದರ್ಶನ.

ಯಾವ ಮೀನು ಹೆಚ್ಚು ಸೆಣಸುತ್ತದೆಂದು ಅಳೆಯುವ ಕುತೂಹಲ ಮನುಷ್ಯನಿಗೆ ಸಹಜ. ಕೊಕ್ಕೆಯೊಡನೆ ಸೆಣಸಿ ಗೆಲ್ಲಬಲ್ಲ ಮೀನೂ ಕೆಟ್ಟ ನೀರಿನೊಡನೆ ಸೆಣಸಿ ಗೆಲ್ಲಲಾರದು. ಮೊದಲು ಉಣಿಸು, ಬಳಿಕ ಹಿಡಿ ಎಂಬುದು ಭೂಲೋಕಮಲ್ಲನ ಕ್ರಮವಾಗಿತ್ತು. ನಾವಾದರೋ ಉಣಿಸುವುದನ್ನು ಬಿಟ್ಟು ವಿಷವನ್ನೇ ಬಡಿಸುತ್ತಿದ್ದೇವೆ. ಅವನ ರಾಜ್ಯವನ್ನು ಮರಳಿ ಪಡೆಯುವುದು ಯಾರಿಂದಲೂ ಆಗದು; ಆದರೆ ಅವನ ನದಿಗಳನ್ನು ಶುಚಿಯಾಗಿಟ್ಟುಕೊಳ್ಳುವುದು, ಮೇಲಿನ ಊರಿನಲ್ಲಿರುವ ನಮಗೂ ಕೆಳಗಿನ ತವರಿನಲ್ಲಿರುವ ನಮ್ಮವರಿಗೂ ಸಲ್ಲುವ ಕರ್ತವ್ಯವೆಂದು ವಾಚಕ ಮಹಾಶಯರಲ್ಲಿ ನಮ್ಮ ಬಿನ್ನಹ.