ಮೊಲೊಕಾಯ್ ದ್ವೀಪಕ್ಕೆ ಹೋದ ಫಾದರ್ ಡೇಮಿಯನ್ ಮರಳಿ ಬರಲಿಲ್ಲ

ಮೂರು ಕಡೆ ಅಬ್ಬರಿಸುವ ಪೆಸಿಫಿಕ್ ಸಾಗರ, ನಾಲ್ಕನೆಯ ಕಡೆ ಗೋಡೆಯಂತೆ ಎದ್ದು ನಿಂತ ಕಡಿದಾದ ಬೆಟ್ಟ. ಹವಾಯಿಯ ಮೊಲೊಕಾಯ್ ದ್ವೀಪದ ಕಲೌಪಪ ಎಂಬ ಈ ಜಾಗಕ್ಕೆ ಹೋದವರು ಹಿಂದಿರುಗುವ ಮಾತೇ ಇರಲಿಲ್ಲ. ಏಕೆಂದರೆ ಅಲ್ಲಿಗೆ ಕಳುಹಿಸುತ್ತಿದ್ದದ್ದು ಕುಷ್ಠರೋಗಿಗಳನ್ನು. 1873ರ ಮೇ 10ರಂದು, ರೋಗವಿಲ್ಲದ 33 ವರ್ಷದ ಪಾದ್ರಿಯೊಬ್ಬರು ಸ್ವಇಚ್ಛೆಯಿಂದ ಅಲ್ಲಿಗೆ ಬಂದಿಳಿದರು. ಅವರೇ ಫಾದರ್ ಡೇಮಿಯನ್.

ಡೇಮಿಯನ್ ಹುಟ್ಟಿದ್ದು 1840ರ ಜನವರಿ 3ರಂದು, ಬೆಲ್ಜಿಯಂನ ಟ್ರೆಮೆಲೋ ಗ್ರಾಮದ ರೈತ ಕುಟುಂಬದಲ್ಲಿ. ಮೊದಲ ಹೆಸರು ಜೋಸೆಫ್ ಡಿ ವ್ಯೂಸ್ಟರ್. ಅಣ್ಣ ಪಾಂಫಿಲ್ ಇದ್ದ ಧಾರ್ಮಿಕ ಸಂಘವನ್ನೇ ಅವರೂ ಸೇರಿದರು. ಹವಾಯಿಗೆ ಹೊರಡಬೇಕಿದ್ದದ್ದು ಅಣ್ಣ. ಆದರೆ ಪ್ರಯಾಣದ ಹೊತ್ತಿಗೆ ಅವರು ಜ್ವರದಿಂದ ಹಾಸಿಗೆ ಹಿಡಿದರು. ಇನ್ನೂ ಪಾದ್ರಿ ದೀಕ್ಷೆಯೂ ಆಗದ ತಮ್ಮ, ಅಣ್ಣನ ಬದಲು ತನ್ನನ್ನು ಕಳುಹಿಸಿ ಎಂದು ನೇರವಾಗಿ ಪ್ಯಾರಿಸ್‌ನ ಹಿರಿಯರಿಗೇ ಪತ್ರ ಬರೆದರು. ಒಪ್ಪಿಗೆ ಸಿಕ್ಕಿತು. ತಿಂಗಳುಗಟ್ಟಲೆ ಹಡಗಿನಲ್ಲಿ ಕಳೆದು 1864ರ ಮಾರ್ಚ್ 19ರಂದು ಹೊನೊಲುಲು ತಲುಪಿದರು. ಅದೇ ವರ್ಷ ಮೇ ತಿಂಗಳಲ್ಲಿ ದೀಕ್ಷೆ ಪಡೆದರು.

ಆ ಕಾಲದಲ್ಲಿ ಹವಾಯಿ ಸ್ವತಂತ್ರ ರಾಜ್ಯ. ಹೊರಗಿನಿಂದ ಬಂದ ರೋಗಗಳಿಗೆ ಸ್ಥಳೀಯರು ಬಲಿಯಾಗುತ್ತಿದ್ದರು. ಕುಷ್ಠರೋಗಕ್ಕೆ ಮದ್ದೇ ಇರಲಿಲ್ಲ. ರೋಗಿಗಳನ್ನು ಪ್ರತ್ಯೇಕಿಸುವ ಕಾನೂನು 1865ರಲ್ಲಿ ಬಂತು. ಮರುವರ್ಷದಿಂದ ಗಂಡ, ಹೆಂಡತಿ, ಮಕ್ಕಳೆನ್ನದೆ ರೋಗ ತಗುಲಿದವರನ್ನು ಮನೆಯವರಿಂದ ಬೇರ್ಪಡಿಸಿ ಮೊಲೊಕಾಯ್‌ಗೆ ಸಾಗಿಸಲಾಯಿತು.

ಬಿಷಪ್ ಮೈಗ್ರೆ ಅವರ ಯೋಜನೆಯಂತೆ ನಾಲ್ವರು ಪಾದ್ರಿಗಳು ಸರದಿಯ ಮೇಲೆ ಅಲ್ಲಿಗೆ ಹೋಗಿಬರಬೇಕಿತ್ತು. ಮೊದಲು ಹೋದ ಡೇಮಿಯನ್ ಅಲ್ಲೇ ಉಳಿಯಲು ನಿರ್ಧರಿಸಿದರು. ಆರಂಭದ ರಾತ್ರಿಗಳಲ್ಲಿ ಚರ್ಚ್ ಪಕ್ಕದ ಮರದ ಕೆಳಗೆ ಮಲಗಿದರು. ನಂತರ ಕೈಗೆ ಗರಗಸ, ಸುತ್ತಿಗೆ ಬಂತು. ಮನೆಗಳನ್ನು ಕಟ್ಟಿದರು, ಕುಡಿಯುವ ನೀರಿಗೆ ಕೊಳವೆ ಹಾಕಿಸಿದರು, ಹುಣ್ಣು ತೊಳೆದು ಪಟ್ಟಿ ಕಟ್ಟಿದರು. ಸತ್ತವರಿಗೆ ಶವಪೆಟ್ಟಿಗೆ ಮಾಡಿ, ಗುಂಡಿಯನ್ನೂ ತಾವೇ ತೋಡಿದರು. ರೋಗಿಗಳನ್ನು ಮುಟ್ಟಬಾರದೆಂಬ ಎಚ್ಚರಿಕೆಯಿತ್ತು. ಅವರೋ ರೋಗಿಗಳ ಜತೆ ಒಂದೇ ಪಾತ್ರೆಯಲ್ಲಿ ಉಂಡರು.

ಒಮ್ಮೆ ಅವರ ಹಿರಿಯ ಪಾದ್ರಿ ಬಂದ ಹಡಗು ಕರಾವಳಿಗೆ ಬಂತು. ಹಿರಿಯರು ಇಳಿಯುವಂತಿರಲಿಲ್ಲ, ಡೇಮಿಯನ್ ಹತ್ತುವಂತಿರಲಿಲ್ಲ. ಕೊನೆಗೆ ಅವರು ಪುಟ್ಟ ದೋಣಿಯಲ್ಲಿ ನಿಂತು, ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಕೂಗಿ ತಮ್ಮ ಪಾಪನಿವೇದನೆ ಮಾಡಿಕೊಂಡರು.

1884ರ ಕೊನೆಯಲ್ಲಿ ಒಂದು ದಿನ ಬಿಸಿನೀರು ತಾಗಿ ಕಾಲು ಸುಟ್ಟರೂ ಅವರಿಗೆ ನೋವೇ ಆಗಲಿಲ್ಲ. ಸ್ಪರ್ಶಜ್ಞಾನ ಹೋಗಿತ್ತು. ಮರುವರ್ಷ ಕುಷ್ಠರೋಗ ಖಚಿತವಾಯಿತು. ಕೆಲಸ ಮಾತ್ರ ನಿಲ್ಲಲಿಲ್ಲ. 1886ರಲ್ಲಿ ಜೋಸೆಫ್ ಡಟನ್, 1888ರಲ್ಲಿ ಮದರ್ ಮೇರಿಯಾನ್ ಕೋಪ್ ನೆರವಿಗೆ ಬಂದರು. ತಾವು ಕಟ್ಟಿದ್ದನ್ನು ನೋಡಿಕೊಳ್ಳುವವರು ಇದ್ದಾರೆ ಎಂಬ ಸಮಾಧಾನದೊಂದಿಗೆ 1889ರ ಏಪ್ರಿಲ್ 15ರಂದು, 49ನೇ ವಯಸ್ಸಿನಲ್ಲಿ ಕಣ್ಣುಮುಚ್ಚಿದರು.

ಡೇಮಿಯನ್ ಹಠಮಾರಿ, ಮುಂಗೋಪಿ. ಮೇಲಧಿಕಾರಿಗಳೊಂದಿಗೆ ಸದಾ ಜಟಾಪಟಿ. ಸತ್ತ ಬಳಿಕ ಹೊನೊಲುಲುವಿನ ಬೇರೊಂದು ಪಂಗಡದ ಪಾದ್ರಿ ಅವರ ನಡತೆಯನ್ನೇ ಹೀಗಳೆದರು. ಸ್ವತಃ ಕಲೌಪಪಕ್ಕೆ ಹೋಗಿ ಜನರೊಡನೆ ಮಾತಾಡಿ ಬಂದಿದ್ದ ಲೇಖಕ ರಾಬರ್ಟ್ ಲೂಯಿ ಸ್ಟೀವನ್‌ಸನ್ 1890ರಲ್ಲಿ ಬಹಿರಂಗ ಪತ್ರ ಬರೆದು ಇದಕ್ಕೆ ಉತ್ತರ ಕೊಟ್ಟರು. ಡೇಮಿಯನ್ನರ ದೋಷಗಳನ್ನು ಅವರು ಮುಚ್ಚಿಡಲಿಲ್ಲ; ಉಳಿದವರು ಮನೆಯಲ್ಲಿ ಕುಳಿತಿದ್ದಾಗ ಹೋದವರು ಯಾರು ಎಂಬುದನ್ನು ನೆನಪಿಸಿದರು.

ಜ್ವರದಿಂದ ಹಡಗು ತಪ್ಪಿಸಿಕೊಂಡಿದ್ದ ಅಣ್ಣ ಪಾಂಫಿಲ್ ಕೂಡ 1895ರಲ್ಲಿ ಮೊಲೊಕಾಯ್‌ಗೆ ಬಂದರು. ಆದರೆ ಅಲ್ಲಿ ಹೆಚ್ಚು ಕಾಲ ನಿಲ್ಲಲಾಗದೆ ಊರಿಗೆ ಮರಳಿದರು.

1940ರ ದಶಕದಲ್ಲಿ ಪರಿಣಾಮಕಾರಿ ಔಷಧಿ ಬಂತು. ಸುಮಾರು 8,000 ಮಂದಿಯನ್ನು ಗಡಿಪಾರು ಮಾಡಿದ್ದ ಪ್ರತ್ಯೇಕತೆಯ ಕಾನೂನು 1969ರಲ್ಲಿ ಕೊನೆಗೊಂಡಿತು. 2009ರ ಅಕ್ಟೋಬರ್ 11ರಂದು ಪೋಪ್ 16ನೇ ಬೆನೆಡಿಕ್ಟ್ ಅವರು ಡೇಮಿಯನ್ನರನ್ನು ಸಂತರೆಂದು ಘೋಷಿಸಿದರು. ಅವರ ದೇಹವನ್ನು 1936ರಲ್ಲೇ ಬೆಲ್ಜಿಯಂಗೆ ಒಯ್ಯಲಾಗಿತ್ತು. ಆದರೆ 1995ರಲ್ಲಿ ಬಲಗೈಯ ಅವಶೇಷ ಮಾತ್ರ ಮೊಲೊಕಾಯ್‌ಗೆ ಮರಳಿತು. ಮನೆ ಕಟ್ಟಿದ, ಗಾಯ ತೊಳೆದ ಆ ಕೈ ಈಗ ಅಲ್ಲಿನ ಹಳೆಯ ಸಮಾಧಿಯಲ್ಲೇ ಇದೆ.